ಎಡಗೈಯಲ್ಲಿ ಸುತ್ತಿಗೆ ಹಿಡಿದವಳು

ನಮ್ಮಪ್ಪ ಪಟಗಳಿಗೆ ಕಟ್ಟು ಹಾಕುವವನು. ಸತ್ಯನಾರಾಯಣಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಬಳ್ಳಾರಿಯ ದೇವರ ಕೋಣೆಗಳಲ್ಲಿ ಕೂತಿರುವ ಲಕ್ಷ್ಮಿ, ಸರಸ್ವತಿ, ವೆಂಕಟರಮಣರಲ್ಲಿ ಬಹಳ ಮಂದಿ ನಮ್ಮ ಅಂಗಡಿಯ ಗಾಜಿನ ಹಿಂದಿನಿಂದಲೇ ಊರನ್ನು ಮೊದಲು ನೋಡಿದವರು.

ಯಾರೇ ಪಟ ತಂದರೂ ಅಪ್ಪ ಮೊದಲು ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದ. ಅಗ್ಗದ ಅಚ್ಚಿನ ಪಟಗಳಲ್ಲಿ ಒಮ್ಮೊಮ್ಮೆ ಚಿತ್ರ ಎಡಬಲ ಅದಲುಬದಲಾಗಿ ಬಂದಿರುತ್ತದೆ. ಆಶೀರ್ವಾದ ಮಾಡುವ ಕೈ ಎಡಗೈ ಆಗಿಬಿಟ್ಟಿರುತ್ತದೆ. ಅಂಥದ್ದನ್ನು ಅಪ್ಪ ಹಾಗೆಯೇ ಕಟ್ಟು ಹಾಕಿ ಕೊಟ್ಟದ್ದಿಲ್ಲ. ಕಾಗದಕ್ಕೆ ಅಗಸೆ ಎಣ್ಣೆ ಸವರುತ್ತಿದ್ದ. ಕಾಗದ ಎಣ್ಣೆ ಕುಡಿದು ಹಿಂದಿನಿಂದಲೂ ಚಿತ್ರ ಕಾಣುವಂತಾದ ಮೇಲೆ ಮುಖವನ್ನು ಒಳಗೆ ಮಾಡಿ, ಬೆನ್ನನ್ನು ಹೊರಗೆ ಮಾಡಿ ರಟ್ಟಿನ ಅಟ್ಟೆಗೆ ಕೂರಿಸುತ್ತಿದ್ದ. ಎಡಗೈ ಬಲಗೈ ಆಗುತ್ತಿತ್ತು. ಇದಕ್ಕೆ ನಮ್ಮ ಅಂಗಡಿಯಲ್ಲಿ ‘ತಿರುವಿ ಹಚ್ಚುವುದು’ ಎನ್ನುತ್ತಿದ್ದೆವು. ದೂರದಿಂದ ಏನೂ ತಿಳಿಯದು. ಹತ್ತಿರ ಹೋದರೆ ಮಾತ್ರ ದೇವರು ಸೊಳ್ಳೆಪರದೆಯ ಆಚೆ ಕೂತ ಹಾಗೆ ಮಂಕಾಗಿ ಕಾಣುತ್ತಿದ್ದ.

‘ದೇವರಿಗೆ ಅಷ್ಟು ಹತ್ರ ಯಾರು ಹೋಗ್ತಾರಲೇ’ ಎನ್ನುತ್ತಿದ್ದ ಅಪ್ಪ.

ಅಂಗಡಿಯಲ್ಲಿ ನನ್ನ ಕೆಲಸ ಗಾಜು ಒರೆಸುವುದು, ಒರೆಸುವಾಗ ಗಾಜಿನಲ್ಲಿ ನನ್ನ ಮುಖ ನೋಡಿಕೊಂಡು ಬೇರೆಯವರಂತೆ ಆಡುವುದು. ಆಗ ನನಗೆ ಮೀಸೆ ಬರಬೇಕೋ ಬೇಡವೋ ಎಂದು ಯೋಚಿಸುತ್ತಿದ್ದ ವಯಸ್ಸು. ಅಂಚೆಯವನ ಕೆಮ್ಮು, ಕೋರ್ಟಿನ ಗುಮಾಸ್ತರ ತೆಲುಗು ಬೆರೆತ ಇಂಗ್ಲಿಷು, ಅತ್ತರು ಮಾರುವ ಸಾಹೇಬರ ಸಲಾಮು, ಎಲ್ಲವೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದವು. ಓಣಿಯ ಮಂದಿಗೆ ಎಲ್ಲಕ್ಕಿಂತ ಹಿಡಿಸಿದ್ದು ಅಗಸರ ಕತ್ತೆಯ ದನಿ. ಅದಕ್ಕೆ ನಾನು ಏನೂ ಕಷ್ಟಪಡಬೇಕಾಗುತ್ತಿರಲಿಲ್ಲ ಎಂದು ಅಕ್ಕ ಹೇಳುತ್ತಿದ್ದಳು.

ಅಕ್ಕ ನನಗಿಂತ ದೊಡ್ಡವಳು. ಅವ್ವ ಬೇಗ ಹೋದದ್ದರಿಂದ ನನಗೆ ಉಣ್ಣಿಸಿ ಬೆಳೆಸಿದವಳು ಅವಳೇ, ಅದೂ ಎಡಗೈಯಲ್ಲಿ. ಅಕ್ಕ ಹುಟ್ಟಾ ಎಡಚಿ. ನಮ್ಮ ಮನೆಯಲ್ಲಿ ಅದನ್ನು ಯಾರೂ ದೊಡ್ಡದು ಮಾಡಿರಲಿಲ್ಲ. ಸಿರುಗುಪ್ಪದ ನಮ್ಮ ಸೋದರಮಾವ ನೋಡಿ ಮಾಡಿಸಿದ ಸಂಬಂಧಕ್ಕೆ ಅವಳನ್ನು ಕುರುಗೋಡಿಗೆ ಕೊಟ್ಟ ಮೇಲೆ ದೊಡ್ಡದಾಯಿತು. ಅಲ್ಲಿ ನೆಂಟರ ಎಲೆಗೆ ಎಡಗೈಯಲ್ಲಿ ಬಡಿಸಿದಳೆಂದು ಅವಳ ಅತ್ತೆ ಒಲೆಯಲ್ಲಿ ಸೌಟು ಕಾಯಿಸಿದಳು. ಗಂಡ ಮಣಿಕಟ್ಟು ಹಿಡಿದುಕೊಂಡ. ಅಕ್ಕ ಕೈಗೆ ಸೆರಗಿನ ಚೂರು ಸುತ್ತಿಕೊಂಡು ಇದ್ದಿಲು ಗ್ಯಾಸಿನಿಂದ ಓಡುವ ಆಗಿನ ಬಸ್ಸಿನಲ್ಲಿ ಒಬ್ಬಳೇ ಬಳ್ಳಾರಿಗೆ ಬಂದಳು. ಗಾಯ ಮಾಯ್ದರೂ ಅಂಗೈಯ ನಡುವೆ ಸೌಟಿನ ಗುಂಡನೆಯ ಅಂಚು ಉಳಿಯಿತು.

ಅಪ್ಪ ಆ ಕೈ ನೋಡಿ ಎರಡು ಹೊತ್ತು ಉಣ್ಣಲಿಲ್ಲ. ಆದರೆ ಮೂರನೆಯ ಹೊತ್ತಿಗೆ ಉಂಡು, ಕೈ ತೊಳೆದು, ಅಂಗಡಿಯ ಬಟ್ಟೆಪಟ್ಟಿಯಿಂದ ಅವಳ ಎಡಗೈ ಬೆರಳುಗಳನ್ನು ಒಟ್ಟಾಗಿ ಕಟ್ಟಿದ. ಮಗಳನ್ನು ಅವನು ತಂಗೀ ಎಂದೇ ಕರೆಯುತ್ತಿದ್ದದ್ದು.

‘ಬಲಗೈ ರೂಢಿ ಮಾಡ್ಕೋ ತಂಗೀ. ಕೈ ನೆಟ್ಟಗಾದ್ರ ಸಂಸಾರನೂ ನೆಟ್ಟಗಾಗ್ತೈತಿ.’

ಅಪ್ಪ ಕೆಟ್ಟವನಲ್ಲ. ಅವನಿಗೆ ಗೊತ್ತಿದ್ದ ರಿಪೇರಿ ಅದೊಂದೇ.

ಸಿರುಗುಪ್ಪದಿಂದ ಮಾವ ಬಂದ. ದೇಶನೂರಿನ ಕಡೆ ಗದ್ದೆ ಇದ್ದವನು. ನೀರು ಕಟ್ಟಿದ ಗದ್ದೆಯ ಬದುವಿನ ಮೇಲೆ ನಡೆದೂ ನಡೆದೂ ಬಯಲಿನಲ್ಲೂ ಕಾಲು ಒಂದರ ಮುಂದೊಂದು ಇಟ್ಟು ನಡೆಯುತ್ತಿದ್ದ. ಅದನ್ನು ನಾನು ಬಹಳ ಚೆನ್ನಾಗಿ ಮಾಡುತ್ತಿದ್ದೆ. ಮಾವ ಚಾಪೆಯ ಮೇಲೆ ಕೂತು, ತೆಲುಗು ಸೇರಿಸಿಕೊಂಡು, ಅಪ್ಪನಿಗೆ ತೀರ್ಪು ಹೇಳಿದ.

‘ಚೂಡು ಭಾವಾ, ಬಳ್ಳಾರಿನ ಮೈಸೂರಿಗೆ ಹಚ್ಚಬೇಕೋ ಆಂಧ್ರಕ್ಕ ಹಚ್ಚಬೇಕೋ ಅಂತ ದೊಡ್ಡ ದೊಡ್ಡೋರು ಕುಂತು ಮಾತಾಡಾಕತ್ತ್ಯಾರ. ಊರನ್ನ ಯಾರಾರ ಕೇಳ್ಯಾರೇನು, ನಿನಗ ಎಲ್ಲಿಗೆ ಹೋಗಾಕ ಮನಸ್ಸೈತಿ ಅಂತ? ಹುಡುಗಿನೂ ಅಷ್ಟ. ಬರೋ ಹುಣ್ಣಿಮಿ ಕಳದಮ್ಯಾಲೆ ಬೀಗರನ್ನ ಕರಕೊಂಡು ಬರ್ತೀನಿ. ಅವರ ಮುಂದ ಬಲಗೈಲಿ ನೀಡಿದ್ಲು ಅಂದ್ರ ಆಯ್ತು, ಅವತ್ತ ಕರಕೊಂಡು ಹೋಗ್ತಾರ.’

ಅಕ್ಕ ಒಳಗೆ ಅಂಟು ಕುದಿಸುತ್ತಿದ್ದಳು. ಗೋಧಿ ಹಿಟ್ಟಿಗೆ ಹುಳ ಬೀಳದಂತೆ ಮೈಲುತುತ್ತ ಹಾಕಿ ಕುದಿಸುವ ಅಂಟು. ಕಟ್ಟಿಗೆಯ ತುಂಡಿನಿಂದ ತಿರುವುತ್ತಿದ್ದಳು. ಕಬ್ಬಿಣದ ಸೌಟು ಮುಟ್ಟುವುದನ್ನು ಬಿಟ್ಟಿದ್ದಳು. ಒಳಗಿನಿಂದಲೇ ಹೇಳಿದಳು: ‘ನಾ ಅಲ್ಲಿಗೆ ಹೋಗಂಗಿಲ್ಲ.’

ಜೋರಾಗಿ ಹೇಳಲಿಲ್ಲ. ಆದರೆ ನಮ್ಮ ಮನೆಯಲ್ಲಿ ಕೇಳಿಸದಷ್ಟು ದೂರ ಯಾವುದೂ ಇರಲಿಲ್ಲ. ಅಪ್ಪ ಮಾವನಿಗೆ ಎಲೆಅಡಿಕೆ ತಟ್ಟೆ ಸರಿಸಿದ.

ಆ ದಿನಗಳಲ್ಲೇ ದಂಡಿನ ಕಡೆಯ ಬಂಗಲೆಯಿಂದ ಮುದುಕಿ ದೊರೆಸಾನಿ ನಮ್ಮ ಅಂಗಡಿಗೆ ಬಂದದ್ದು. ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತ ತಲೆ ಬೆಳ್ಳಗೆ ಮಾಡಿಕೊಂಡವಳು. ಸ್ವಾತಂತ್ರ್ಯ ಬಂದಾಗಿತ್ತು, ಬಿಳಿಯರೆಲ್ಲ ಸಾಮಾನು ಕಟ್ಟುತ್ತಿದ್ದರು. ಅವಳೂ ಹಡಗು ಹತ್ತುವವಳಿದ್ದಳು. ಕಂಕುಳಲ್ಲಿ ಒಂದು ಚಪ್ಪಟೆ ಪೆಟ್ಟಿಗೆ. ಅದರಲ್ಲಿ ಅವಳ ತಂದೆ ಕೂಡಿಸಿಟ್ಟಿದ್ದ ನಾಲ್ಕು ಹಳೆಯ ಚಿತ್ರಗಳು. ಅಂಚುಗಳನ್ನು ಹುಳ ತಿಂದಿತ್ತು. ಹಿಂದೆ ಬಟ್ಟೆ ಹಚ್ಚಿ, ಅಟ್ಟೆಗೆ ಕೂರಿಸಿ, ಹಡಗಿನ ಪ್ರಯಾಣಕ್ಕೆ ತಡೆಯುವಂತೆ ಮಾಡಿಕೊಡಬೇಕು.

ಬಣ್ಣವೇ ಇಲ್ಲದ ಚಿತ್ರಗಳು. ಬರೀ ಗೆರೆ. ಕೂದಲೆಳೆಯಂಥ ಗೆರೆಗಳು ಒತ್ತಾಗಿ ಬಂದಲ್ಲಿ ಕತ್ತಲೆ, ಬಿಡಿಯಾಗಿ ಬಂದಲ್ಲಿ ಬೆಳಕು, ಒಂದೂ ಬಾರದಲ್ಲಿ ಹೆಂಗಸಿನ ಮೈ. ಅಪ್ಪ ಹೆಬ್ಬೆರಳಿನಿಂದ ಕಾಗದ ಸವರಿದ. ಶಾಯಿ ಕೈಗೆ ತಗಲುವಷ್ಟು ಉಬ್ಬಿತ್ತು. ಚಿತ್ರದ ಸುತ್ತ ತಗಡು ಒತ್ತಿದ ಚೌಕ ಗುರುತಿತ್ತು. ತಾಮ್ರದ ತಗಡಿನ ಮೇಲೆ ಉಳಿಯಿಂದ ಕೊರೆದು, ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ಒದ್ದೆ ಕಾಗದ ಇಟ್ಟು ಯಂತ್ರದಲ್ಲಿ ಒತ್ತಿದ್ದು, ಕೆಲವು ನೂರು ವರ್ಷ ಹಿಂದಿನದು ಎಂದಳು ದೊರೆಸಾನಿ. ಅಪ್ಪನ ಮುಖದಲ್ಲಿ ಭಕ್ತಿ ಬಂತು. ಆಮೇಲೆ ಚಿತ್ರದಲ್ಲಿ ಏನಿದೆ ಎಂದು ನೋಡಿದ, ಭಕ್ತಿ ಇಳಿಯಿತು.

ಒಂದರಲ್ಲಿ ಒಬ್ಬ ಹೆಂಗಸು ಕಡಿದ ತಲೆಯನ್ನು ಕೂದಲು ಹಿಡಿದು ಮುದಿ ದಾಸಿಯ ಚೀಲಕ್ಕೆ ಹಾಕುತ್ತಿದ್ದಳು. ಇನ್ನೊಂದರಲ್ಲಿ ಕುಣಿದು ಬಂದ ಹುಡುಗಿಯ ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಬ್ಬ ಸಾಧುವಿನ ತಲೆ. ಮತ್ತೊಂದರಲ್ಲಿ ಭೀಮನಂಥವನು ಹೆಂಗಸಿನ ತೊಡೆಯ ಮೇಲೆ ಮಲಗಿದ್ದಾನೆ, ಅವನ ಬಲವೆಲ್ಲ ಅಡಗಿರುವ ಜಡೆಯನ್ನು ಆಕೆ ಕತ್ತರಿಸುತ್ತಿದ್ದಾಳೆ. ಕೊನೆಯದರಲ್ಲಿ ಗುಡಾರ. ಒಳಗೆ ಗಂಡಸೊಬ್ಬ ಕಂಬಳಿ ಹೊದ್ದು ಬಾಯಿ ತೆರೆದು ನಿದ್ದೆ ಮಾಡಿದ್ದಾನೆ. ಪಕ್ಕದಲ್ಲಿ ಮಂಡಿಯೂರಿದ ಹೆಂಗಸು ಅವನ ಕಣತಲೆಗೆ ಗುಡಾರದ ಗೂಟ ಇಟ್ಟು ಸುತ್ತಿಗೆ ಎತ್ತಿದ್ದಾಳೆ.

‘ಇವರೆಲ್ಲ ರಾಕ್ಷಸಿಯರೇನ್ರೀ?’ ಎಂದು ಅಪ್ಪ ಕೇಳಿದ.

‘ಅಲ್ಲ. ನಮ್ಮ ಬೈಬಲಿನ ಸ್ತ್ರೀಯರು’ ಎಂದಳು ದೊರೆಸಾನಿ. ಅವಳ ಕನ್ನಡ ಪುಸ್ತಕದಿಂದ ಇಳಿದು ಬಂದದ್ದು, ಇಸ್ತ್ರಿ ಮಾಡಿದಂತಿರುತ್ತಿತ್ತು. ‘ಕೆಲವರು ಒಳ್ಳೆಯವರು, ಕೆಲವರು ಅಲ್ಲ. ಚೀಲದವಳು ವಿಧವೆಯು, ತನ್ನ ಊರನ್ನು ಉಳಿಸಿದಳು. ಆ ಕಾಲದ ಗಂಡಸರು ಇಂಥ ಚಿತ್ರಗಳನ್ನು ಕೊಂಡು ಮನೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ನಗುವುದಕ್ಕೂ, ಹೆದರುವುದಕ್ಕೂ.’

ಅಕ್ಕ ಬಾಗಿಲ ಮರೆಯಿಂದ ಹೊರಗೆ ಬಂದಿದ್ದಳು. ‘ಈ ಗೂಟದಾಕಿ?’ ಎಂದಳು.

‘ಅವನು ಸೇನಾಪತಿಯು. ಜನರನ್ನು ಬಹಳ ಕಾಡಿದವನು. ಯುದ್ಧದಲ್ಲಿ ಸೋತು ಓಡಿ ಬಂದನು. ಆಕೆಯು ಕರೆದು ಕುಳ್ಳಿರಿಸಿದಳು. ನೀರು ಬೇಡಿದನು, ಹಾಲನ್ನು ಕೊಟ್ಟಳು. ಕಂಬಳಿ ಹೊದಿಸಿದಳು. ಅವನು ಮಲಗಿದ ಮೇಲೆ ಹೀಗೆ ಮಾಡಿದಳು.’

‘ಆಮ್ಯಾಲೆ ಆಕಿಗೆ ಏನ್ ಮಾಡಿದ್ರು?’

‘ಹಾಡಿ ಹೊಗಳಿದರು.’

ಅಕ್ಕ ಚಿತ್ರದ ಮೇಲೆ ಬಗ್ಗಿದ್ದಳು. ಅವಳು ನೋಡುತ್ತಿದ್ದದ್ದು ಗೂಟವನ್ನಲ್ಲ. ಆ ಹೆಂಗಸು ಸುತ್ತಿಗೆಯನ್ನು ಎಡಗೈಯಲ್ಲಿ ಹಿಡಿದಿದ್ದಳು.

ದೊರೆಸಾನಿ ಹೋದ ಮೇಲೆ ನಾನು ನನ್ನ ಅಂಗಡಿ ತೆರೆದೆ. ಮೊದಲು ದೊರೆಸಾನಿಯಂತೆ ಮಾತಾಡಿದೆ, ಅಕ್ಕನ ತುಟಿ ಸ್ವಲ್ಪ ಸಡಿಲವಾಯಿತು. ಆಮೇಲೆ ತಲೆ ಕಡಿದವಳ ಮುಖ ಮಾಡಲು ಹೊರಟೆ. ರೂಪನಗುಡಿಯ ಕಡೆ ಬಯಲಾಟದಲ್ಲಿ ದೇವಿ ರಾಕ್ಷಸನನ್ನು ಕೊಲ್ಲುವುದನ್ನು ನೋಡಿದ್ದೆ. ಕಣ್ಣು ಗುಡ್ಡೆ ಹೊರಗೆ, ನಾಲಿಗೆ ಗದ್ದದವರೆಗೆ. ಹಾಗೆ ಮಾಡಿದೆ.

‘ಅಲ್ಲಲೇ ಮಂಗ್ಯಾ, ಚಿತ್ರ ನೋಡು’ ಎಂದಳು ಅಕ್ಕ. ‘ಆಕಿ ಹಂಗೇನೂ ಮಾಡಿಲ್ಲ.’

ನಿಜ. ಆ ಹೆಂಗಸರ ಮುಖದಲ್ಲಿ ಕೋಪವಿರಲಿಲ್ಲ, ನಗುವಿರಲಿಲ್ಲ. ಅಕ್ಕಿಯಲ್ಲಿ ಕಲ್ಲು ಆರಿಸುವಾಗ ಹೆಂಗಸರ ಮುಖ ಹೇಗಿರುತ್ತದೋ ಹಾಗಿತ್ತು. ನಾನು ಗಾಜಿನ ಮುಂದೆ ಬಹಳ ಹೊತ್ತು ಪ್ರಯತ್ನಿಸಿದೆ. ಊರಿನ ಮುಖಗಳನ್ನೆಲ್ಲ ಹಿಡಿದವನಿಗೆ ಅದನ್ನು ಎಲ್ಲಿ ಹಿಡಿಯಬೇಕು ಎಂಬುದೇ ತಿಳಿಯಲಿಲ್ಲ. ಗಾಜಿನಲ್ಲಿ ಹೊಟ್ಟೆನೋವು ಬಂದ ಹುಡುಗನೊಬ್ಬ ಕಂಡ, ಅಷ್ಟೇ.

ಅಪ್ಪ ಮಾತ್ರ ಕೈಗಳನ್ನೇ ನೋಡುತ್ತಿದ್ದ. ಜಡೆ ಕತ್ತರಿಸುವವಳ ಕತ್ತರಿಯೂ ಎಡಗೈಯಲ್ಲಿ, ಗೂಟದವಳ ಸುತ್ತಿಗೆಯೂ ಎಡಗೈಯಲ್ಲಿ.

‘ಅಚ್ಚು ತಿರುವುಮುರುವು ಬಿದ್ದೈತಿ’ ಎಂದ. ‘ಎಣ್ಣಿ ಬಾಟ್ಲಿ ತಾರಲೇ.’

‘ದೊರೆಸಾನಿ ಹೇಳ್ಯಾಳೇನು?’ ಅಕ್ಕ ಕೇಳಿದಳು.

‘ಪಾಪ, ಆಕಿಗೆ ಗೊತ್ತಾಗಿಲ್ಲ. ತಪ್ಪು ಕಂಡಮ್ಯಾಲೆ ತಿದ್ದಿ ಕೊಡೋದು ನಮ್ಮ ಧರ್ಮ.’

ಮೊದಲು ಕತ್ತರಿಯವಳನ್ನು ತಿರುವಿದ. ಕಾಗದ ನಮ್ಮ ದೇವರ ಪಟಗಳಂತೆ ತೆಳುವಲ್ಲ, ದಪ್ಪನೆಯದು. ಎಣ್ಣೆ ಕುಡಿದದ್ದೇ ಕುಡಿದದ್ದು. ಅಟ್ಟೆಗೆ ಕೂರಿಸಿದಾಗ ಕತ್ತರಿ ಬಲಗೈಗೆ ಬಂದಿತ್ತು. ಆದರೆ ಆ ಕೂದಲೆಳೆ ಗೆರೆಗಳೆಲ್ಲ ಒಂದರೊಳಗೊಂದು ಸೇರಿ ಮಂಜಾಗಿದ್ದವು. ಮಲಗಿದ್ದ ಭೀಮ ಒಂದು ಮೂಟೆಯಂತಾಗಿದ್ದ. ಹೆಂಗಸಿಗೆ ಕೈ ಇತ್ತು, ಕತ್ತರಿ ಇತ್ತು, ಮುಖ ಇರಲಿಲ್ಲ.

ಅಪ್ಪ ಅದನ್ನು ದೂರ ಹಿಡಿದು ನೋಡಿದ, ಇನ್ನೂ ದೂರ ಹಿಡಿದ, ತೋಳು ಮುಗಿಯಿತು. ‘ಒಣಗಿದಮ್ಯಾಲೆ ಕಾಣ್ತೈತಿ’ ಎಂದ. ಗೂಟದವಳನ್ನು ಅಕ್ಕನ ಮುಂದಿಟ್ಟು, ‘ನಾಳಿಗೆ ಇದನ್ನ ನೆನಸಿಡು, ತಿರುವಿ ಹಚ್ಚೋಣು’ ಎಂದ.

‘ನಾ ಒಲ್ಲೆ.’

‘ಯಾಕವ್ವಾ?’

‘ಇದನ್ನ ಹೆಂಗೈತೋ ಹಂಗ ಹಚ್ಚತೀನಿ. ಇಲ್ಲಾಂದ್ರ ಮುಟ್ಟಂಗಿಲ್ಲ.’

ಅಂಗಡಿಯ ಕೆಲಸದಲ್ಲಿ ಅಪ್ಪನಿಗೆ ಎಂದೂ ಎದುರಾಡದವಳು ಅಕ್ಕ. ಅಪ್ಪ ಅವಳ ಕಟ್ಟಿದ ಬೆರಳುಗಳನ್ನು ಒಮ್ಮೆ ನೋಡಿ ಪೇಟೆಗೆ ಹೋದ.

ಅದು ಬಳ್ಳಾರಿಯ ಬೇಸಿಗೆ. ಬೆಟ್ಟದ ಬಂಡೆ ಬೆಳಗಿನಿಂದ ಕುಡಿದ ಬಿಸಿಲನ್ನು ಮಧ್ಯಾಹ್ನ ಊರ ಮೇಲೆ ಉಗುಳುತ್ತದೆ; ಓಣಿಯಲ್ಲಿ ನಾಯಿಯೂ ಓಡಾಡುವುದಿಲ್ಲ. ಹುಣ್ಣಿಮೆ ಹತ್ತಿರ ಬಂದಿತ್ತು. ಅಕ್ಕ ಊಟ ಬಿಟ್ಟಂತೆಯೇ ಇದ್ದಳು. ಅವಳನ್ನು ನಗಿಸಬೇಕೆಂದು ನಾನು ಮೊಳೆ ಹೊಡೆಯುವ ದೊಡ್ಡ ಹಲಗೆಯ ಮೇಲೆ ಅಂಗಾತ ಬಿದ್ದುಕೊಂಡೆ. ಅಂಗಡಿಯ ಗೋಣಿಪಟ್ಟಿ ಹೊದ್ದುಕೊಂಡೆ. ಚಿತ್ರದ ಸೇನಾಪತಿಯಂತೆ ಬಾಯಿ ತೆರೆದೆ. ಚಿತ್ರಕ್ಕೆ ಗೊರಕೆ ಇರಲಿಲ್ಲ, ಅದನ್ನು ನಾನು ಸೇರಿಸಿದೆ. ಯಾರ ಗೊರಕೆ ಎಂದು ಯೋಚಿಸಲಿಲ್ಲ. ಬಾಯಿಗೆ ಸುಲಭವಾಗಿ ಬಂದದ್ದು ಕುರುಗೋಡಿನ ಭಾವನದು. ಒಮ್ಮೆ ಅವರ ಮನೆಗೆ ಹೋದಾಗ ಕಲಿತದ್ದು, ಕೊನೆಗೆ ಒಂದು ಸೀಟಿ ಬರುತ್ತದೆ.

ಅಕ್ಕ ನಗಲಿಲ್ಲ. ಬಟ್ಟೆಪಟ್ಟಿ ಬಿಚ್ಚುವ ಸದ್ದು ಕೇಳಿಸಿತು. ಕಣ್ಣುಸಂದಿಯಿಂದ ನೋಡಿದೆ. ಅಪ್ಪನ ಸುತ್ತಿಗೆ ಅವಳ ಎಡಗೈಯಲ್ಲಿತ್ತು, ಬಲಗೈಯಲ್ಲಿ ಉದ್ದನೆಯ ಮೊಳೆ. ನನ್ನ ಪಕ್ಕ ಮಂಡಿಯೂರಿದಳು. ಸರಿ, ಆಟಕ್ಕೆ ಬಂದಳು ಎಂದು ಇನ್ನೂ ಜೋರಾಗಿ ಗೊರಕೆ ಹೊಡೆದೆ, ಸೀಟಿಯನ್ನೂ ಹಾಕಿದೆ. ಆಮೇಲೆ ಅವಳ ಮುಖ ನೋಡಿದೆ.

ನಾನು ಗಾಜಿನ ಮುಂದೆ ಹುಡುಕಿ ಸೋತಿದ್ದ ಮುಖ ಅಲ್ಲಿತ್ತು.

ಏಳಬೇಕೆಂದುಕೊಂಡೆ, ಮೈ ಏಳಲಿಲ್ಲ. ಗೊರಕೆ ತಾನಾಗಿಯೇ ನಿಂತುಹೋಯಿತು. ಸುತ್ತಿಗೆ ಇಳಿಯಿತು. ನನ್ನ ಕಿವಿಯ ಪಕ್ಕ ಹಲಗೆ ನಡುಗಿತು. ಒಂದೇ ಏಟಿಗೆ ಮೊಳೆ ಅರ್ಧ ಇಳಿದಿತ್ತು.

‘ಏಳ್ಲೇ’ ಎಂದಳು ಅಕ್ಕ, ಮೆಲ್ಲಗೆ. ‘ಅಲ್ಲಿ ಅವನೂ ಹಿಂಗ ಮಲಗ್ತಾನ, ಬಾಯಿ ತಕ್ಕೊಂಡು. ಕೈ ಸುಟ್ಟಿದ್ದ ದಿನಾನೂ ಹಿಂಗ ಮಲಗಿದ್ದ. ನಾ ಕುಂತು ನೋಡ್ತಿದ್ದೆ, ನನ್ನ ತಲಿಯೊಳಗ ಏನೂ ಇರಲಿಲ್ಲ. ಈಗ ಈ ಚಿತ್ರ ಐತಿ.’ ಸುತ್ತಿಗೆ ಕೆಳಗಿಟ್ಟಳು. ‘ಅದಕ್ಕ ಹೇಳಾಕತ್ತೀನಿ, ನನ್ನ ಅಲ್ಲಿಗೆ ಕಳಿಸಬ್ಯಾಡ್ರಿ.’

ಕಳಿಸಬೇಡ ಎನ್ನಲಿಲ್ಲ, ಕಳಿಸಬೇಡಿ ಎಂದಳು. ನನಗೆ ಅಷ್ಟು ಮರ್ಯಾದೆ ಯಾರು ಕೊಡುತ್ತಾರೆ ಎಂದು ತಲೆ ಹೊರಳಿಸಿದರೆ ಬಾಗಿಲಲ್ಲಿ ಅಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನು ಒಳಗೆ ಬಂದ. ಹಲಗೆಯ ಮೇಲೆ ಕೂತು ಮೊಳೆಯನ್ನು ಇಕ್ಕುಳದಿಂದ ಕಿತ್ತ. ಎಣ್ಣೆ ಬಾಟಲಿಗೆ ಬಿರಡೆ ಹಾಕಿ ಗೋಡೆಯ ಮೇಲಿನ ಹಲಗೆಗೆ ಇಟ್ಟ. ಅಕ್ಕನ ಬೆರಳಿಗೆ ಮತ್ತೆ ಪಟ್ಟಿ ಕಟ್ಟಲೂ ಇಲ್ಲ. ಬೀಗರಿಗೆ ಬರಬೇಡಿರೆಂದು ಹೇಳಿಕಳಿಸಲೂ ಇಲ್ಲ.

ಹುಣ್ಣಿಮೆಯ ದಿನ ದೊರೆಸಾನಿ ಚಿತ್ರಗಳಿಗಾಗಿ ಬಂದಳು. ಕತ್ತರಿಯವಳನ್ನು ಕೈಗೆತ್ತಿಕೊಂಡವಳು ಬಾಗಿಲಿನ ಬೆಳಕಿಗೆ ಹಿಡಿದು ನೋಡಿದಳು.

‘ಏನು ಮಾಡಿದಿರಿ?’

‘ಕೈ ತಿದ್ದೀನ್ರೀ’ ಎಂದ ಅಪ್ಪ. ಅವನ ದನಿ ಸಣ್ಣದಾಗಿತ್ತು. ‘ಅಚ್ಚು ಉಲ್ಟಾ ಆಗಿತ್ರಿ.’

ದೊರೆಸಾನಿ ಸಿಟ್ಟಾಗಲಿಲ್ಲ. ಆಗಿದ್ದರೆ ನಮಗೆ ಸುಲಭವಾಗುತ್ತಿತ್ತು. ಕುರ್ಚಿಯ ಮೇಲೆ ಕೂತು ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದಳು. ಆ ಕಾಲದಲ್ಲಿ ಒಬ್ಬರ ಚಿತ್ರವನ್ನು ನೋಡಿ ಇನ್ನೊಬ್ಬರು ತಗಡಿನ ಮೇಲೆ ಕೊರೆಯುತ್ತಿದ್ದರು. ಕಣ್ಣಿಗೆ ಕಂಡಂತೆಯೇ ಕೊರೆದರೆ ಕಾಗದದ ಮೇಲೆ ಒತ್ತಿದಾಗ ಎಡದ್ದು ಬಲಕ್ಕೆ ಬರುತ್ತದೆ. ಹಾಗೆ ಬಲಗೈಯ ಸ್ತ್ರೀಯರು ಎಷ್ಟೋ ಮಂದಿ ಎಡಗೈಯವರಾದರು.

‘ಹಂಗಾರ ತಪ್ಪು ಹೌದಲ್ರೀ?’ ಎಂದ ಅಪ್ಪ, ದಡ ಸಿಕ್ಕವನಂತೆ.

‘ಪುಸ್ತಕದಲ್ಲಿ ಬಲಗೈ ಎಂದೇ ಇದೆ. ಕೊರೆದವನಿಗೂ ಗೊತ್ತಿದ್ದಿರಬೇಕು. ಆದರೂ ಹಾಗೆಯೇ ಬಿಟ್ಟನು.’

‘ಯಾಕ ಬಿಟ್ಟ?’ ಅಕ್ಕ ಕೇಳಿದಳು.

ದೊರೆಸಾನಿ ಗೂಟದವಳನ್ನು ನೋಡಿದಳು, ಅಕ್ಕನ ಅಂಗೈಯನ್ನೂ ನೋಡಿದಳು. ‘ಎಡಗೈಯಿಂದ ಹೊಡೆದರೂ ಗೂಟವು ಒಳಗೆ ಹೋಗುತ್ತದೆಂದು ಇರಬಹುದು.’

ಅಕ್ಕ ನಕ್ಕಳು. ಕುರುಗೋಡಿನಿಂದ ಬಂದ ಮೇಲೆ ಅವಳ ಹಲ್ಲು ಕಂಡದ್ದು ಅವತ್ತೇ. ಇಷ್ಟು ದಿನ ನಾನು ಕತ್ತೆ, ಅಂಚೆಯವ, ಗುಮಾಸ್ತ ಎಲ್ಲ ಆಗಿ ಗಳಿಸಲಾರದ್ದನ್ನು ಆ ಮುದುಕಿ ಒಂದು ವಾಕ್ಯದಲ್ಲಿ ಗಳಿಸಿಬಿಟ್ಟಳು. ನನಗೆ ಹೊಟ್ಟೆಕಿಚ್ಚಾಯಿತು.

ಗೂಟದವಳನ್ನು ತಿರುವದೆ, ಇದ್ದ ಹಾಗೆಯೇ, ಅಕ್ಕ ಅವತ್ತೇ ಬಟ್ಟೆ ಹಚ್ಚಿ ಕೂರಿಸಿದ್ದಳು. ಅಂಟು ಹಸಿ ಇತ್ತು. ಎರಡು ದಿನ ಬಿಟ್ಟು ಆಳನ್ನು ಕಳಿಸುತ್ತೇನೆಂದು ದೊರೆಸಾನಿ ಉಳಿದ ಎರಡನ್ನು ತೆಗೆದುಕೊಂಡಳು. ತಿರುವಿ ಹಚ್ಚಿದ್ದನ್ನು ಅಪ್ಪನ ಕೈಗೇ ಕೊಟ್ಟಳು. ‘ಇದು ಇನ್ನು ನಿಮ್ಮದು’ ಎಂದಳು.

ಮರುದಿನ ಬೀಗರು ಬಂದರು. ಮುಂದೆ ಮಾವ, ಬದುವಿನ ನಡಿಗೆಯಲ್ಲಿ; ಹಿಂದೆ ಅಕ್ಕನ ಅತ್ತೆ; ಅವಳ ಹಿಂದೆ ಭಾವ. ಭಾವ ಎತ್ತರದ ಆಳು, ಹತ್ತಿ ಮೂಟೆ ಒಬ್ಬನೇ ಎತ್ತುವವನು, ತಾಯಿಯ ಮುಂದೆ ಮಾತ್ರ ಮಾತು ನುಂಗುವವನು. ಒಳಮನೆ ಇಕ್ಕಟ್ಟು, ಅಂಗಡಿಯ ಸಾಮಾನು ಸರಿಸಿ ಅಲ್ಲೇ ಜಮಖಾನ ಹಾಸಿದೆವು. ಗೋಡೆಗೆ ಒರಗಿಸಿದ್ದ ಗೂಟದವಳು ಒಣಗುತ್ತಿದ್ದಳು. ಪಕ್ಕದಲ್ಲಿ ಮುಖ ಕಳೆದುಕೊಂಡ ಕತ್ತರಿಯವಳು.

‘ರೊಡ್ಡಗೈ ನೆಟ್ಟಗಾತೇನ್ರೀ ನಿಮ್ಮ ಮಗಳದು?’ ಅತ್ತೆ ಕೂರುವ ಮೊದಲೇ ಕೇಳಿದಳು. ಎಡಚ ಕೈಗೆ ನಮ್ಮಲ್ಲಿ ಹಾಗೆನ್ನುತ್ತಾರೆ. ‘ನಾ ಏನ್ ಹಗೀತನಕ್ಕ ಮಾಡಿದ್ದಲ್ಲ. ಮಗಳು ಅಂತ ತಿಳಕೊಂಡ ತಿದ್ದಿದ್ದು.’

‘ನೀವ ನೋಡ್ರಲಾ’ ಎಂದ ಮಾವ, ‘ಈಗ ಅಳಿಯಂದ್ರಿಗೆ ಹಾಲು ತರ್ತಾಳ, ಬಲಗೈಲಿ ಕೊಡ್ತಾಳ, ಮುಗೀತು.’

ಮನೆಗೆ ಅಳಿಯ ಬಂದರೆ ನಮ್ಮಲ್ಲಿ ಸಕ್ಕರೆ ಹಾಕಿದ ಹಾಲು ಕೊಡುವುದು, ಉಳಿದವರಿಗೆ ಚಹಾ. ಅಕ್ಕ ಒಳಗೆ ಒಲೆಯ ಮುಂದಿದ್ದಳು. ಅಪ್ಪ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದ. ಏನು ಹೇಳಬೇಕೆಂದು ಅವನಿಗೆ ಇನ್ನೂ ಹೊಳೆದಿರಲಿಲ್ಲ. ಅಪ್ಪನ ಮೌನಗಳೆಲ್ಲ ನನಗೆ ಗೊತ್ತು, ಅದು ದಾರಿ ಕಾಣದ ಮೌನ.

ಕಾಯುವ ಹೊತ್ತಿನಲ್ಲಿ ಅತ್ತೆಯ ಕಣ್ಣು ಗೋಡೆಯ ಕಡೆ ಹೋಯಿತು. ‘ಇದ್ಯಾವ ದೇವರಪ್ಪಾ, ಬಣ್ಣಾನ ಇಲ್ಲ?’

‘ಹೇಳಲೇ’ ಎಂದ ಮಾವ ನನಗೆ. ‘ಯಾವಾಗ್ಲೂ ವಟವಟ ಅಂತೀಯಲ್ಲ.’

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಬೇಡ ಎನ್ನಲಿಲ್ಲ. ಎದ್ದು ನಿಂತು ದೊರೆಸಾನಿಯಾದೆ. ಕೈ ಕಟ್ಟಿಕೊಂಡು, ಕತ್ತು ಉದ್ದ ಮಾಡಿ, ಇಸ್ತ್ರಿ ಕನ್ನಡದಲ್ಲಿ ಶುರು ಮಾಡಿದೆ. ‘ಅವನು ಸೇನಾಪತಿಯು. ಬಹಳ ಬಲಶಾಲಿಯು.’ ಮಾವ ಹೊಟ್ಟೆ ಹಿಡಿದು ನಕ್ಕ. ಅತ್ತೆಯೂ ಸೆರಗು ಬಾಯಿಗಿಟ್ಟುಕೊಂಡಳು. ಭಾವನ ಮೀಸೆ ಅಲುಗಿತು. ಮಂದಿ ನಗುತ್ತಿದ್ದರೆ ನನ್ನ ನಾಲಿಗೆಗೆ ಕಡಿವಾಣವಿಲ್ಲ. ‘ಅವನು ದಣಿದು ಬಂದನು. ಆಕೆಯು ಜಮಖಾನ ಹಾಸಿ ಕುಳ್ಳಿರಿಸಿದಳು.’ ಜಮಖಾನ ಮೂಲದಲ್ಲಿ ಇರಲಿಲ್ಲ; ನನ್ನ ಕೊಡುಗೆ. ‘ಆಕೆಯು ಅವನಿಗೆ ಒಂದು ಚೆಂಬು ಹಾಲನ್ನು ಕೊಟ್ಟಳು. ಅವನು ಕುಡಿದನು. ಕುಡಿದು ಮಲಗಿದನು.’ ಇಲ್ಲಿ ಗೊರಕೆ ಹಾಕಬೇಕೆಂದು ಬಾಯಿವರೆಗೂ ಬಂತು, ನುಂಗಿದೆ. ‘ಆಮೇಲೆ ಆಕೆಯು ಸುತ್ತಿಗೆಯನ್ನು ತೆಗೆದುಕೊಂಡಳು.’

ಅವರು ಚಿತ್ರವನ್ನು ಮತ್ತೊಮ್ಮೆ, ಈಗ ತಿಳಿದು, ನೋಡಿದರು. ಅತ್ತೆಯ ಸೆರಗು ಬಾಯಿಂದ ಇಳಿಯಿತು.

ಒಳಬಾಗಿಲಲ್ಲಿ ಅಕ್ಕ ನಿಂತಿದ್ದಳು. ಕೈಯಲ್ಲಿ ಹಿತ್ತಾಳೆ ಚೆಂಬು, ಮೇಲೆ ಹಬೆ. ಚೆಂಬು ಎಡಗೈಯಲ್ಲಿತ್ತು.

ನಾನು ಹೇಳಿದ್ದನ್ನು ಕೇಳಿಸಿಕೊಂಡೇ ಬಂದಳೋ, ಹಾಲು ಕಾಯುವುದಕ್ಕೂ ನನ್ನ ಕತೆ ಅಲ್ಲಿಗೆ ತಲುಪುವುದಕ್ಕೂ ಸರಿಹೋಯಿತೋ, ನಾನು ಇವತ್ತಿಗೂ ಕೇಳಿಲ್ಲ. ಅವಳು ನೆಟ್ಟಗೆ ಭಾವನ ಮುಂದೆ ಬಂದು ಚೆಂಬು ಚಾಚಿದಳು. ಮುಖದಲ್ಲಿ ಏನೂ ಇರಲಿಲ್ಲ, ಅಕ್ಕಿಯಲ್ಲಿ ಕಲ್ಲು ಆರಿಸುವವಳಂತೆ.

‘ಯಾವ ಕೈಲಿ ಕೊಡಾಕತ್ತೀಯವ್ವಾ?’ ಎಂದಳು ಅತ್ತೆ.

‘ನೀವು ಸುಟ್ಟ ಕೈಲಿ’ ಎಂದಳು ಅಕ್ಕ. ಆಮೇಲೆ ಗಂಡನಿಗೆ, ‘ಕುಡೀರಿ.’

ಹತ್ತಿ ಮೂಟೆ ಎತ್ತುವ ಮನುಷ್ಯ ಚೆಂಬನ್ನು ನೋಡಿದ. ಗೋಡೆಗೆ ಒರಗಿದ ಚಿತ್ರದಲ್ಲಿ ಬಾಯಿ ತೆರೆದು ಮಲಗಿದ್ದವನನ್ನು ನೋಡಿದ. ಕೈ ಮುಂದೆ ಬಂತು, ಅಲ್ಲೇ ನಿಂತಿತು. ಓಣಿಯಲ್ಲಿ ಒಂದು ಜಟಕಾ ಬಂದು ದಾಟಿಹೋಯಿತು, ಕೈ ಅಲ್ಲೇ ಇತ್ತು.

‘ಬ್ಯಾಡ’ ಎಂದಳು ಅತ್ತೆ ಮಗನಿಗೆ. ‘ಕುಡೀಬ್ಯಾಡ.’

ಅಪ್ಪ ಗೋಡೆಯಿಂದ ಬೆನ್ನು ತೆಗೆದ. ಅವನಿಗೆ ದಾರಿ ಕಂಡಿತ್ತು.

‘ಒಂದು ಚೆಂಬು ಹಾಲು ಕುಡಿಯಾಕ ಅಂಜೀರಿ’ ಎಂದ. ‘ದಿನಾ ಎರಡು ಹೊತ್ತು ಆಕಿ ಕೈಲಿ ಹೆಂಗ ಉಣ್ತೀರಿ? ನಿಮಗೂ ನಿದ್ದಿ ಇಲ್ಲ, ಆಕಿಗೂ ಇಲ್ಲ. ಬಿಟ್ಟುಬಿಡ್ರಿ.’

‘ಭಾವಾ, ನೀ ಸುಮ್ನಿರು’ ಎಂದು ಮಾವ ಕೂತಲ್ಲಿಂದಲೇ ಅಪ್ಪನ ಕಡೆ ಕೈ ಎತ್ತಿದ. ‘ಹುಡುಗಿ ಕೈ ಇನ್ನೊಂದು ತಿಂಗಳದಾಗ...’

ಅಪ್ಪ ಕತ್ತರಿಯವಳನ್ನು ಎತ್ತಿ ಮಾವನ ಮಡಿಲಿಗೆ ಇಟ್ಟ. ‘ನೋಡಿಲ್ಲಿ. ಇದರ ಕೈ ನಾನ ತಿದ್ದಿದ್ದು. ಮುಖ ಎಲ್ಲೈತಿ ಹುಡುಕಿ ಕೊಡು.’

ಮಾವನಿಗೆ ಅದು ಅರ್ಥವಾಯಿತೆಂದು ನನಗನ್ನಿಸುವುದಿಲ್ಲ. ಆದರೆ ಭಾವ ಎದ್ದುಬಿಟ್ಟಿದ್ದ. ಅವನು ಎದ್ದ ಮೇಲೆ ಅತ್ತೆ ಎದ್ದಳು. ಮಾವ ಪಟವನ್ನು ಮಡಿಲಿನಿಂದ ಎಲ್ಲಿಡಬೇಕೆಂದು ತಿಳಿಯದೆ ನನ್ನ ಕೈಗೆ ಕೊಟ್ಟು ಅವರ ಹಿಂದೆ ಹೋದ. ಆ ಅವಸರದಲ್ಲಿ ಅವನಿಗೆ ಬದುವಿನ ನಡಿಗೆ ಮರೆತುಹೋಗಿತ್ತು, ಎಲ್ಲರ ಹಾಗೆ ನಡೆದ.

ಅಕ್ಕ ಚೆಂಬು ಹಿಡಿದು ಇನ್ನೂ ಅಲ್ಲೇ ನಿಂತಿದ್ದಳು.

‘ತಾ ಇಲ್ಲಿ’ ಎಂದ ಅಪ್ಪ. ಆ ಎಡಗೈಯಿಂದ ಚೆಂಬು ತೆಗೆದುಕೊಂಡು ನಿಂತಲ್ಲೇ ಒಂದೇ ಗುಟುಕಿಗೆ ಎತ್ತಿದ. ಕೆಳಗಿಳಿಸಿ ಮೀಸೆ ಒರೆಸಿಕೊಂಡ.

‘ಸಕ್ಕರಿ ಬಾಳ ಹಾಕೀದಿ, ತಂಗೀ.’

ಸಕ್ಕರೆ ಅಳೆದು ಕೊಡುತ್ತಿದ್ದ ಕಂಟ್ರೋಲಿನ ಕಾಲ. ಅಕ್ಕ ಡಬ್ಬಿಯಲ್ಲಿದ್ದದ್ದನ್ನೆಲ್ಲ ಹಾಕಿಬಿಟ್ಟಿದ್ದಳು.

ದೊರೆಸಾನಿಯ ಆಳು ಬಂದು ಗೂಟದವಳನ್ನು ಒಯ್ದ. ಈಗ ಅವಳು ಸಮುದ್ರದಾಚೆ ಯಾವ ಗೋಡೆಯ ಮೇಲೆ ಸುತ್ತಿಗೆ ಎತ್ತಿಕೊಂಡಿದ್ದಾಳೋ. ಮುಖವಿಲ್ಲದವಳು ನಮ್ಮ ಅಂಗಡಿಯಲ್ಲೇ ಇದ್ದಾಳೆ. ಎಡಗೈಯ ಲಕ್ಷ್ಮಿಯನ್ನು ಯಾರಾದರೂ ತಂದರೆ ಅಪ್ಪ ಮೊದಲು ಇದನ್ನು ತೋರಿಸಿ, ‘ತಿರುವಿದ್ರ ಹಿಂಗಾಗ್ತೈತಿ, ನೋಡ್ರಿ’ ಎನ್ನುತ್ತಾನೆ. ಆದರೂ ಬೇಕೆಂದವರಿಗೆ ತಿರುವಿ ಕೊಡುತ್ತಾನೆ.

ಚೌಕಟ್ಟಿನ ಕೆಲಸದಲ್ಲಿ ಅಕ್ಕ ಅಂಟು ಬಿಟ್ಟು ಸುತ್ತಿಗೆಗೆ ಬಂದಿದ್ದಾಳೆ. ಅಪ್ಪ ಮತ್ತು ಅವಳು ಒಂದೇ ಕಟ್ಟಿನ ಎರಡು ಮೂಲೆಗೆ ಎದುರುಬದುರು ಕೂತು ಹೊಡೆಯುತ್ತಾರೆ. ಒಬ್ಬರದು ಬಲಗೈ, ಒಬ್ಬರದು ಎಡಗೈ. ಕಟ್ಟನ್ನು ತಿರುಗಿಸುವ ಕೆಲಸವಿಲ್ಲ. ನಾನು ಗಾಜು ಹಿಡಿದು ಕಾಯುತ್ತೇನೆ. ಗಾಜಿನಲ್ಲಿ ಈಗಲೂ ಊರಿನ ಮುಖಗಳನ್ನೆಲ್ಲ ಮಾಡಿ ನೋಡುತ್ತೇನೆ, ಕುರುಗೋಡಿನ ಅತ್ತೆಯದನ್ನೂ. ಭಾವನ ಗೊರಕೆಯನ್ನು ಮಾತ್ರ ಬಿಟ್ಟಿದ್ದೇನೆ.